ರಾಗಿಮುದ್ದೆ ತಿನ್ನುವ ಮೀನು, ಮೀನು ತಿನ್ನದ ಮಾವ

ನಮ್ಮ ಸೋದರಮಾವನ ಕೈಗೆ ಮೀನು ಸಿಕ್ಕದ ಸೋಮವಾರ ಅಪರೂಪ. ಆದರೆ ಅವರ ಬಾಯಿಗೆ ಮೀನು ಹೋದ ದಿನ ಈ ಜನ್ಮದಲ್ಲಿ ಒಂದೂ ಇಲ್ಲ! ಹಿಡಿದದ್ದನ್ನು ಮಾರುತ್ತಾರೋ? ಇಲ್ಲ. ಯಾರಿಗಾದರೂ ಕೊಡುತ್ತಾರೋ? ಅದೂ ಇಲ್ಲ. ಮತ್ತೇನು ಮಾಡುತ್ತಾರೆ ಎಂದು ಕೇಳುತ್ತೀರಾ? ಹೇಳಿದರೆ ನೀವು ನಂಬುವುದಿಲ್ಲ, ನಂಬಿದರೆ ನಮ್ಮ ವಂಶದ ತಲೆಯ ಮೇಲೆಯೇ ನಿಮಗೆ ಅನುಮಾನ ಬರುತ್ತದೆ. ಆದರೂ ಹೇಳಿಬಿಡುತ್ತೇನೆ. ಬಿಡುತ್ತಾರೆ. ಹಿಡಿದ ಮೀನನ್ನೆಲ್ಲ ವಾಪಸ್ಸು ಹೊಳೆಗೆ ಬಿಡುತ್ತಾರೆ.

ನಾವು ಉತ್ತರ ಕೊಡಗಿನ ಶೈವರು. ಪಕ್ಕದ ಮನೆಯವರ ಗುಲಾಬಿ ಗಿಡದ ಬುಡದಲ್ಲಿ ಮೊಟ್ಟೆಯ ಸಿಪ್ಪೆ ಕಂಡರೂ ಮೂಗು ಮುಚ್ಚಿಕೊಳ್ಳುವ ಪೈಕಿ. ಅಂಥ ಮನೆಯಿಂದ ಮಾವ ವ್ಯಾಪಾರಕ್ಕೆಂದು ಪಾಲಿಬೆಟ್ಟಕ್ಕೆ ಬಂದು ದಿನಸಿ ಅಂಗಡಿ ಇಟ್ಟರು. ಅಲ್ಲಿಂದ ಸ್ಕೂಟರ್ ಹತ್ತಿದರೆ ಕಾವೇರಿ ಹೊಳೆ ಹತ್ತಿರ. ಯಾರು ಅವರ ಕೈಗೆ ಮೊದಲ ಸಲ ಗಾಳ ಕೊಟ್ಟರೋ ಗೊತ್ತಿಲ್ಲ, ಹೊಳೆಯ ಮೀನು ಅವರನ್ನು ಹಿಡಿದುಬಿಟ್ಟಿತು. ಮನೆಗೆ ತರುವಂತಿಲ್ಲ, ತಿನ್ನುವಂತಿಲ್ಲ, ಹಿಡಿಯದೆ ಇರುವಂತೆಯೂ ಇಲ್ಲ. ಪಾಪ, ಬಿಡದೆ ಇನ್ನೇನು ಮಾಡಿಯಾರು?

ಅಂಗಡಿಯ ವಾರದ ರಜೆಯನ್ನು ಅವರು ಸೋಮವಾರಕ್ಕೆ ಇಟ್ಟುಕೊಂಡದ್ದು ದೊಡ್ಡ ಜಾಣತನ. ಶಿವನ ವಾರ! ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಉದ್ದನೆಯ ಕೊಡೆಯ ಚೀಲ. ಆ ಚೀಲದಲ್ಲಿ ಕೊಡೆ ಇರಲಿಲ್ಲ, ಮೂರು ತುಂಡಾಗಿ ಬಿಚ್ಚಿಟ್ಟ ಗಾಳದ ಕೋಲಿತ್ತು ಎಂಬುದು ಅತ್ತೆಯನ್ನೂ ನನ್ನನ್ನೂ ಬಿಟ್ಟರೆ ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿಂದ ಬಂದ ನೆಂಟರು "ಸೋಮವಾರ ಅಂದ್ರೆ ತಪ್ಪದೆ ಹೊಳೆ ಸ್ನಾನಕ್ಕೆ ಹೋಗ್ತಾನೆ, ಎಂಥ ಭಕ್ತಿ ನೋಡ್ರಿ" ಎಂದು ಕೈ ಮುಗಿಯುತ್ತಿದ್ದರು. ಅತ್ತೆ ತುಟಿ ಬಿಗಿಹಿಡಿದು ಒಳಗೆ ಹೋಗುತ್ತಿದ್ದರು.

ಅತ್ತೆಯ ಸಂಕಟ ಬೇರೆಯೇ. ಕಾವೇರಿಯ ದೊಡ್ಡ ಬಿಳಿಮೀನು, ಪೇಟೆಯವರು ಮಹಸೀರ್ ಅನ್ನುತ್ತಾರಲ್ಲ ಅದು, ರಾಗಿಮುದ್ದೆಗೆ ಪ್ರಾಣ ಬಿಡುತ್ತದೆ. ಎರೆಹುಳ ಮುಟ್ಟದ ಮಾವನಿಗೆ ಇದಕ್ಕಿಂತ ಅನುಕೂಲ ಬೇಕೆ? ಸೋಮವಾರ ಬೆಳಗ್ಗೆ ಅತ್ತೆ ತೊಳಸುವ ಮುದ್ದೆಯಲ್ಲಿ ಸಿಂಹಪಾಲು ಹೊಳೆಗೆ ಹೋಗುತ್ತಿತ್ತು.

"ಬೇಯಿಸೋದು ನಾನು, ಉಣ್ಣೋದು ಮೀನು. ಸಾರೂ ಒಂದು ತಂಬಿಗೆ ಕಟ್ಟಿಕೊಡ್ಲಾ?" ಎಂದು ಅತ್ತೆ.

"ಸಾರು ಬೇಡ ಕಣೇ, ಸ್ವಲ್ಪ ಗಟ್ಟಿಯಾಗಿ ತೊಳಸು. ಹೋದ ವಾರ ನೀರಲ್ಲಿ ಬಿಟ್ಕೊಂಬಿಡ್ತು. ಮೀನು ಮೂಸಿ ನೋಡಿ ಹೋಯ್ತು."

ತನ್ನ ಮುದ್ದೆಯನ್ನು ಮೀನು ಮೂಸಿ ನೋಡಿ ಹೋಯಿತು ಎಂದರೆ ಯಾವ ಗೃಹಿಣಿಗೆ ತಡೆಯುತ್ತದೆ ಹೇಳಿ! ಮರುವಾರ ಅತ್ತೆಯ ಮುದ್ದೆ ಕಲ್ಲಿನ ಹಾಗಿತ್ತು. ಅಂದು ನಮಗೂ ಅದೇ ಊಟ.

ಹೊಳೆಯಿಂದ ಬಂದವರಿಗೆ ಅತ್ತೆ ಹಾಕಿದ ಕಟ್ಟಳೆ ಇನ್ನೂ ಗಟ್ಟಿ. ಹಿತ್ತಲಲ್ಲಿ ಹಂಡೆ ನೀರು ಕಾದಿರುತ್ತಿತ್ತು. ಅಲ್ಲೇ ನಲ್ಲಿಯ ಹತ್ತಿರ ತಲೆಗೆ ಸ್ನಾನ ಮಾಡಿ, ಬಟ್ಟೆ ನೆನೆಹಾಕಿ, ಸ್ಕೂಟರಿಗೂ ಎರಡು ಚೆಂಬು ಸುರಿದು, ಆಮೇಲೆ ಹೊಸ್ತಿಲು ದಾಟಬೇಕು. ಮಾವ ಒಂದು ದಿನವೂ ಎದುರಾಡಿದವರಲ್ಲ.

ನಾನು ಇದನ್ನೆಲ್ಲ ಬಲ್ಲೆ ಯಾಕೆಂದರೆ ನಾನು ಅವರ ಮನೆಯಲ್ಲೇ ಇದ್ದುಕೊಂಡು ಹೊಳೆದಂಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ಪಿಕಿಂಗ್, ನೀರಿನ ಮೋಟರ್ ಎಲ್ಲ ನನ್ನ ಉಸ್ತುವಾರಿ. ಆ ತೋಟದ ಮಾಲೀಕರು ಮಾವನ ಆಪ್ತ ಗೆಳೆಯರಾದ ಕೊಡವ ಪ್ಲಾಂಟರ್. ಅವರ ತೋಟ ಮುಗಿಯುವಲ್ಲಿ ಹೊಳೆ ತಿರುಗಿ ಒಂದು ಮಡು ಆಗಿದೆ, ಮಡುವಿನ ಮೇಲೊಂದು ಬಂಡೆ. ಅದೇ ಮಾವನ ಸೋಮವಾರದ ಸಿಂಹಾಸನ.

ಮಾವ ಮೀನು ಬಿಡುವುದನ್ನು ನೋಡಬೇಕು ನೀವು! ಗಾಳದ ತುದಿಯಲ್ಲಿ ಹಿಂದಕ್ಕೆ ತಿರುಗಿದ ಒಂದು ಮುಳ್ಳಿರುತ್ತದೆ, ಕಚ್ಚಿದ ಮೀನು ಜಾರದಿರಲಿ ಎಂದು. ಬಿಡಿಸುವಾಗ ಅದರಿಂದ ತುಟಿ ಹರಿಯುತ್ತದೆಂದು ಮಾವ ಆ ಮುಳ್ಳನ್ನು ಅರದಿಂದ ತಿಕ್ಕಿ ತೆಗೆದಿದ್ದರು. ಅರ್ಧಕ್ಕರ್ಧ ಮೀನು ದಾರಿಯಲ್ಲೇ ಜಾರುತ್ತಿದ್ದವು. ಸಿಕ್ಕವನ್ನು ನೀರೊಳಗೇ ಬಿಡಿಸಿ, ಬೆನ್ನು ಸವರಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಅದೇ ಮಾತು ಹೇಳುತ್ತಿದ್ದರು: "ಹೋಗಿ ಬನ್ನಿ. ಮತ್ತೆ ಬನ್ನಿ."

ಅವುಗಳಲ್ಲಿ ಒಂದು ತುಟಿ ಸೀಳಿದ ದೊಡ್ಡ ಬಿಳಿಮೀನು. ಆ ಸೀಳು ಮುಳ್ಳು ತಿಕ್ಕುವ ಮೊದಲಿನ ಕಾಲದ್ದು. ಅದಕ್ಕೆ ಮಾವ ಇಟ್ಟ ಹೆಸರು 'ಹಳೇ ಗಿರಾಕಿ'.

"ಎಂತ ಗೌಡ್ರೆ ಇದು?" ಎಂದು ಪ್ಲಾಂಟರ್ ತಲೆ ಚಚ್ಚಿಕೊಳ್ಳುತ್ತಿದ್ದರು. "ಅಷ್ಟು ದೊಡ್ಡ ಮೀನು ಮಾರಾಯ್ರೆ! ನೀವು ತಿನ್ನದಿದ್ರೆ ಬೇಡ, ನನ್ನ ಮನೆಯಲ್ಲಿ ಬಾಣಲೆ ಉಂಟಲ್ಲ?"

"ಇಷ್ಟು ಹೊತ್ತು ಅದರ ಹತ್ರ ಮಾತಾಡಿದೀನಿ. ಈಗ ನಿಮ್ಮ ಬಾಣಲೆಗೆ ಹಾಕು ಅಂದ್ರೆ ಹೆಂಗೆ?" ಎಂದು ಮಾವ.

ಹೀಗೆ ಸುಖವಾಗಿದ್ದವರ ಪಾಲಿಗೆ ಒಂದು ಸೋಮವಾರ ಹೊರಗಿನ ಪ್ರಪಂಚ ಜೀಪಿನಲ್ಲಿ ಬಂದಿಳಿಯಿತು. ಪೇಟೆಯ ಯಾವುದೋ ಮೀನುಗಾರಿಕೆ ಕ್ಲಬ್ಬಿನವರು. ಮೈತುಂಬ ಜೇಬುಗಳಿದ್ದ ಒಬ್ಬ ಹುಡುಗ, ಅಗಲ ಟೋಪಿ, ಕಪ್ಪು ಕನ್ನಡಕ. ಹೊಳೆದಂಡೆಯವರಿಗೆಲ್ಲ ತಿಳಿವಳಿಕೆ ಕೊಡುವುದು ಅವನ ಕೆಲಸ.

"ಅಂಕಲ್, ಇನ್ಮುಂದೆ ಕ್ಯಾಚ್ ಅಂಡ್ ರಿಲೀಸ್. ಹಿಡಿದ ಮೀನನ್ನ ತಿನ್ನಬಾರದು."

"ನಮ್ಮ ವಂಶದಲ್ಲೇ ಯಾರೂ ತಿಂದಿಲ್ಲ."

"ವಾಪಸ್ಸು ನೀರಿಗೆ ಬಿಡಬೇಕು."

"ಮತ್ತೆ? ಮನೇಲಿ ಬಿಡಕ್ಕಾಗತ್ತಾ?"

"ಮುಳ್ಳಿಲ್ಲದ ಗಾಳ ಬಳಸಬೇಕು. ಫಾರಿನ್ನಿಂದ ತರಿಸಿದೀವಿ, ನೋಡಿ."

ಮಾವ ತಮ್ಮ ಗಾಳವನ್ನು ತೋರಿಸಿದರು. ಹುಡುಗ ಕನ್ನಡಕ ತೆಗೆದು ನೋಡಿದ. ಕ್ಲಬ್ಬಿನವರೆಲ್ಲ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಆಮೇಲೆ ಪಾಠ ಬಿಟ್ಟು, ಅಷ್ಟರಲ್ಲಿ ಮಾವನ ಗಾಳಕ್ಕೆ ಬಿದ್ದ ಹಳೇ ಗಿರಾಕಿಯನ್ನು ಅವರ ಕೈಗೇ ಕೊಟ್ಟು, ಹಣೆಯ ವಿಭೂತಿ ಚೆನ್ನಾಗಿ ಕಾಣುವ ಹಾಗೆ ನಿಲ್ಲಿಸಿ, ವಿಡಿಯೋ ಮಾಡಿಕೊಂಡು ಹೋದರು. ಮುಖಕ್ಕೆ ಬಿಸಿಲು ಬೀಳಲೆಂದು ಮಾವನೇ ಸ್ವಲ್ಪ ತಿರುಗಿ ನಿಂತರಂತೆ!

ಆ ವಿಡಿಯೋ ಲೋಕವನ್ನೆಲ್ಲ ಸುತ್ತಿ ನೇರವಾಗಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದು ಕೂತಿತು. ಅಂದು ಅತ್ತೆ ಫೋನನ್ನು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟರು. ಫೋನು ಅಲ್ಲಿಂದಲೂ ಬಡಿದುಕೊಳ್ಳುತ್ತಿತ್ತು. ಮೂರನೆಯ ದಿನ ಊರಿಂದ ವ್ಯಾನು ತುಂಬ ಹಿರಿಯರು ಬಂದಿಳಿದರು. ನಡುಮನೆಯಲ್ಲಿ ಚಾಪೆ ಹಾಸಿ ವಿಚಾರಣೆ. ಕೇಳುವವರು ನಮ್ಮ ದೊಡ್ಡಜ್ಜ, ಕುಟುಂಬಕ್ಕೆಲ್ಲ ಹಿರಿಯರು.

"ತಿಂತೀಯೇನೋ?"

"ಇಲ್ಲ."

"ಮಾರ್ತೀಯಾ?"

"ಇಲ್ಲ ಅಜ್ಜ."

"ಮತ್ತೆ ಹಿಡಿಯೋದ್ಯಾಕೆ?"

"ಬಿಡಕ್ಕೆ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಜ್ಜ ನಿಟ್ಟುಸಿರು ಬಿಟ್ಟು ಹೇಳಿದರು: "ತಿಂದಿದ್ರೆ ಏನಾದ್ರೂ ಪ್ರಾಯಶ್ಚಿತ್ತ ಹೇಳಬಹುದಿತ್ತು. ಇದಕ್ಕೆ ಇಲ್ವಲ್ಲಪ್ಪ!" ಕಾಫಿ ಕುಡಿದು ವ್ಯಾನು ಹತ್ತಿದರು. ಹತ್ತುವಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ಅದು ಎಷ್ಟು ತೂಕ ಇತ್ತೋ?" ಎಂದು ಕೇಳಿದರು.

ಮನೆಯವರಿಂದ ಮಾವ ಪಾರಾದರು, ವಿಡಿಯೋದಿಂದ ಪಾರಾಗಲಿಲ್ಲ. ಅದನ್ನು ನೋಡಿದವರೆಲ್ಲ ಮಡುವನ್ನು ಹುಡುಕಿಕೊಂಡು ಬಂದರು. ಎದುರು ದಡದ ರೆಸಾರ್ಟಿನವರು ಅತಿಥಿಗಳನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ತಂದು 'ಇದೇ ಆ ಬಂಡೆ' ಎಂದು ತೋರಿಸತೊಡಗಿದರು. ಸ್ಪೀಕರ್ ಹಾಡು, ಚಿಪ್ಸಿನ ಕವರು, ಬಂಡೆಯ ಮೇಲೆ ಸೆಲ್ಫಿ. ಗಾಳದ ಕೋಲು ಹೇಗೆ ಹಿಡಿಯಬೇಕೆಂದು ತಿಳಿಯದವರೂ ಹಾಕುವವರೇ. ಮುಳ್ಳಿದ್ದ ಗಾಳ, ರಾತ್ರಿ ಬಲೆ, ಎಲ್ಲ ಶುರುವಾಯಿತು. ಕೊನೆಗೆ ಮೀನುಗಾರಿಕೆ ಇಲಾಖೆಯವರು ಬಂದು ಮಾವನ ಬಂಡೆಯ ನೆತ್ತಿಗೇ ಒಂದು ಬೋರ್ಡು ನೆಟ್ಟರು: ಇಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ.

ಕಾವಲಿಗೆ ನಿಂತ ಗಾರ್ಡ್ ನಮ್ಮ ಅಂಗಡಿಯಲ್ಲೇ ಅಕ್ಕಿ ಒಯ್ಯುವವನು. ಮಾವ ಅವನಿಗೆ ತಿಳಿಸಿ ಹೇಳಿದರು. "ನೋಡಪ್ಪ, ಬೋರ್ಡು ಹಿಡಿಯೋರಿಗೆ. ನಾನು ಬಿಡೋನು."

"ಬಿಡಬೇಕಾದ್ರೆ ಮೊದಲು ಹಿಡೀಬೇಕಲ್ಲ ಗೌಡ್ರೇ?"

ದೊಡ್ಡಜ್ಜನಿಗೆ ಸಿಗದ ಉತ್ತರ ಗಾರ್ಡಿಗೆ ಸಿಕ್ಕಿತ್ತು! ಮಾವ ಕೊಡೆಯ ಚೀಲ ಕಟ್ಟಿ ಮನೆಗೆ ಬಂದರು. ಅದನ್ನು ಅಟ್ಟಕ್ಕೆ ಹಾಕಿದರು. ಆಮೇಲೆ ಸೋಮವಾರಗಳಲ್ಲಿ ಅಂಗಡಿಯ ಮುಚ್ಚಿದ ಬಾಗಿಲ ಹಿಂದೆ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಕಲ್ಲೇ ಇಲ್ಲದ ಬೇಳೆ. ಅತ್ತೆ ಮುದ್ದೆ ಮಾತ್ರ ಎಂದಿನಷ್ಟೇ ಮಾಡಿ, ಉಳಿದದ್ದನ್ನು ಡಬ್ಬಿಗೆ ತುಂಬಿಡುತ್ತಿದ್ದರು.

ಆ ವರ್ಷ ಹೂಮಳೆ ಬರಲಿಲ್ಲ. ಬೇಸಿಗೆಯ ಮೊದಲಲ್ಲಿ ಒಂದು ಮಳೆ ಬಿದ್ದರೆ ಕಾಫಿ ಹೂಬಿಡುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಆದ್ದರಿಂದ ಹೊಳೆದಂಡೆಯ ತೋಟಗಳೆಲ್ಲ ಮೋಟರ್ ಇಟ್ಟು ನೀರೆಳೆದು ಗಿಡಗಳಿಗೆ ಸಿಂಪಡಿಸತೊಡಗಿದವು. ಹೊಳೆ ದಿನದಿನಕ್ಕೆ ಇಳಿಯಿತು. ಮಡುವಿನ ಮೇಲೂ ಕೆಳಗೂ ಬರೀ ಬಂಡೆ. ಮಧ್ಯದಲ್ಲಿ ಸೊಂಟದೆತ್ತರ ನೀರು, ಅದರಲ್ಲಿ ಸಿಕ್ಕಿಕೊಂಡ ಮೀನು. ನಮ್ಮ ತೋಟದ ಸರದಿ ಮರುದಿನ. ಮೋಟರ್ ಶುರುಮಾಡಬೇಕಾದವನು ನಾನು, ಮತ್ತು ಅದರ ಪೈಪು ಇಳಿದಿದ್ದದ್ದು ಅದೇ ಮಡುವಿಗೆ.

ಊಟದ ಮಧ್ಯೆ ಮಾವನಿಗೆ ಹೇಳಿಬಿಟ್ಟೆ. ಮಾವ ಕೈ ತೊಳೆದು ನೇರ ಪ್ಲಾಂಟರ್ ಮನೆಗೆ ಹೊರಟರು, ಹಿಂದೆ ನಾನು.

"ಮೋಟರ್ ಹಾಕ್ಬೇಡಿ ಅಂತ ಹೇಳಲ್ಲ," ಎಂದರು ಮಾವ. "ಕಾಫಿ ಹೋದ್ರೆ ನನ್ನ ಅಂಗಡೀನೂ ಹೋಗತ್ತೆ. ನಾಳೆ ಮಧ್ಯಾಹ್ನದವರೆಗೆ ತಡೀರಿ. ಅಷ್ಟರಲ್ಲಿ ಅವನ್ನ ಸೇತುವೆ ಕೆಳಗಿನ ದೊಡ್ಡ ಮಡುವಿಗೆ ದಾಟಿಸ್ತೀನಿ."

ನಾನು ಬಾಣಲೆಯ ಮಾತು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಪ್ಲಾಂಟರ್ ತೋಟದ ಕಡೆ ನೋಡಿದರು, ಮಾವನ ಕಡೆ ನೋಡಿದರು. "ರೈಟರ್," ಎಂದರು ನನಗೆ, "ನಾಳೆ ಪಿಕಪ್ ಹೊಳೆಗೆ ತೆಗಿ. ಮೋಟರ್ ಊಟ ಆದ ಮೇಲೆ ಸಾಕು."

ಬೆಳಕು ಹರಿಯುತ್ತಲೇ ಅಂಗಡಿಯ ಡ್ರಮ್ಮುಗಳನ್ನೆಲ್ಲ ಪಿಕಪ್ಪಿಗೆ ಏರಿಸಿದೆವು. "ಸಾಲಲ್ಲ," ಎಂದು ಮಾವ ಗೊಣಗುತ್ತಿದ್ದಾಗ ಹಿತ್ತಲಿಂದ ದಡಬಡ ಸದ್ದು. ಅತ್ತೆ ಸ್ನಾನದ ಹಂಡೆಯನ್ನು ಉರುಳಿಸಿಕೊಂಡು ಬರುತ್ತಿದ್ದರು! ಹೆಗಲ ಮೇಲೆ ಒಂದು ಹಳೆಯ ಸೀರೆ, ಕೈಯಲ್ಲಿ ಮುದ್ದೆಯ ಡಬ್ಬಿ.

"ನೀನ್ಯಾಕೆ?" ಎಂದರು ಮಾವ ಕಕ್ಕಾಬಿಕ್ಕಿಯಾಗಿ.

"ಇಷ್ಟು ವರ್ಷ ಸಾಕಿದ್ದು ಯಾರು? ನೀವಾ, ನನ್ನ ಮುದ್ದೆಯಾ?"

ಹೊಳೆಯಲ್ಲಿ ಗಾರ್ಡ್ ಓಡಿ ಬಂದ. ಬೋರ್ಡು ನೋಡಿದ, ಹಂಡೆ ನೋಡಿದ, ಕೊನೆಗೆ ಪ್ಯಾಂಟು ಮಡಚಿಕೊಂಡು ನೀರಿಗಿಳಿದ. ಸೀರೆಯ ಎರಡು ತುದಿ ಅವನೂ ಪ್ಲಾಂಟರೂ ಹಿಡಿದರು. ಬಾಚಿದ ಮೀನನ್ನು ಡ್ರಮ್ಮಿಗೆ ತುಂಬುವುದು, ಸೇತುವೆಗೆ ಹೋಗಿ ಸುರಿಯುವುದು, ಮತ್ತೆ ಬರುವುದು. ಪೇಟೆಯ ನಡುಬೀದಿಯಲ್ಲಿ ಮಾವ ಪಿಕಪ್ಪಿನ ಹಿಂದೆ ನಿಂತು, ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿದ್ದರೂ ಲೆಕ್ಕಿಸದೆ, ಡ್ರಮ್ಮನ್ನು ತಬ್ಬಿಕೊಂಡಿದ್ದರು. ಇಷ್ಟು ವರ್ಷ ಕೊಡೆಯ ಚೀಲದಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಊರೇ ನಿಂತು ನೋಡಿತು.

ಹಳೇ ಗಿರಾಕಿ ಮಾತ್ರ ಸೀರೆಗೆ ಸಿಗಲಿಲ್ಲ. ಬಂಡೆಯ ಬುಡದಲ್ಲಿ ಅಡಗಿ ಕೂತಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದು, ಮುದ್ದೆ ಮುರಿದು ಒಂದೊಂದೇ ಉಂಡೆ ಹಾಕಿದರು. ಬಹಳ ಹೊತ್ತಿನ ಮೇಲೆ ಆ ಸೀಳುತುಟಿ ಮೇಲೆ ಬಂತು. ಇನ್ನೊಂದು ಉಂಡೆ, ಇನ್ನೊಂದು. ಹತ್ತಿರ ಬಂದದ್ದೇ ಮಾವ ಕೆಳಗಿನಿಂದ ಸೀರೆ ಎತ್ತಿದರು, ಅತ್ತೆ ಎರಡೂ ಕೈಯಿಂದ ಅದನ್ನು ಅವುಚಿಕೊಂಡರು. ಮೊಟ್ಟೆಯ ಸಿಪ್ಪೆಗೆ ಮೂಗು ಮುಚ್ಚುವ ನಮ್ಮ ಅತ್ತೆ! "ಅಯ್ಯೋ, ಇಷ್ಟು ತಣ್ಣಗಿರತ್ತಾ ಇದು!" ಎಂದರು, ಬಿಡದೆ.

ಅದಕ್ಕೆ ಹಂಡೆಯ ಸವಾರಿ. ಸೇತುವೆಯ ಕೆಳಗೆ ಮಾವ ಅದನ್ನು ನೀರಲ್ಲಿ ಹಿಡಿದು ಬೆನ್ನು ಸವರಿದರು. ಕಿವಿರು ನಿಧಾನವಾಗಿ ಆಡತೊಡಗಿತು. ಇನ್ನು ಬಿಡಬೇಕು. ಮಾವ ಬಿಡಲಿಲ್ಲ. ಇನ್ನು ಈ ಗಿರಾಕಿ ಆ ಬಂಡೆಗೆ ಬರುವುದಿಲ್ಲ, ಬಂದರೂ ತಾನು ಅಲ್ಲಿರುವುದಿಲ್ಲ ಎಂಬುದು ಅವರಿಗೆ ಆಗಲೇ ನಾಟಿರಬೇಕು. ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೂ ಅಷ್ಟೆ, ಮುಚ್ಚಿಡುವುದೇಕೆ?

ಅತ್ತೆ ಪಕ್ಕದಲ್ಲಿ ಬಂದು ಕೂತು, ಮಾವನ ಕೈಯ ಮೇಲೆ ಕೈಯಿಟ್ಟು ಮೆಲ್ಲಗೆ ಸಡಿಲಿಸಿದರು. ಅಂಗಡಿಯಲ್ಲಿ ಕೂತು ಕೂತು ಅವರಿಗೂ ಗಿರಾಕಿಗಳಿಗೆ ಹೇಳುವ ಆ ಮಾತು ಬಾಯಿಪಾಠ.

"ಹೋಗಿ ಬನ್ನಿ," ಎಂದರು ಮೀನಿಗೆ. "ಮತ್ತೆ ಬನ್ನಿ."

ನಾನು ತೋಟಕ್ಕೆ ಹೋಗಿ ಮೋಟರ್ ಹಾಕಿ ಮನೆಗೆ ಬರುವ ಹೊತ್ತಿಗೆ ಮಾವ ಅಭ್ಯಾಸಬಲದಿಂದ ಹಿತ್ತಲಿನ ನಲ್ಲಿಯ ಹತ್ತಿರ ನಿಂತು ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಸೀರೆ ಇನ್ನೂ ಒದ್ದೆ, ಮೈಯೆಲ್ಲ ಹೊಳೆಯ ವಾಸನೆ.

"ಹೊಳೆಯಲ್ಲೇ ನೀರಿಲ್ಲ, ನಿಮಗೆಂಥ ಸ್ನಾನ?" ಎಂದರು. "ಮುದ್ದೆ ಆರಿ ಹೋಗತ್ತೆ. ಒಳಗೆ ಬನ್ನಿ."