ಊಟಕ್ಕೆ ಮೊದಲು ತಲುಪುವ ನಿಯಮ

ಸ್ನೇಹಲತಾ: ಅತ್ತಿಯವರ ಕಾಲಿಗೆ ಏನಾಗೇತಂತ ವಿಮಾನದ ಟಿಕೀಟಿನ್ಯಾಗ ಗಾಲಿಕುರ್ಚಿ ಬರಿಸೀರಿ?

ಸೂರ್ಯಕಾಂತ: ಏನೂ ಆಗಿಲ್ಲ.

ಸ್ನೇಹಲತಾ: ಮತ್ತ?

ಸೂರ್ಯಕಾಂತ: ಏನರ ಆದ ಮ್ಯಾಲೆ ಬರಿಸಿದ್ರ ಅದು ದವಾಖಾನಿ. ಆಗೂ ಮೊದಲ ಬರಿಸಿದ್ರ ಅದಕ್ಕ ಪ್ಲ್ಯಾನಿಂಗ್ ಅಂತಾರ.

ಉಮಾಬಾಯಿ: ಕಾಲು ನನ್ನವು. ನನ್ನ ಒಂದ್ ಮಾತ ಕೇಳದ ಮುರದ ಬಿಟ್ಟಿ?

ಹೈದರಾಬಾದಿನ ಹಿಮಾಯತ್‌ನಗರದ ಆ ಪಡಸಾಲೆಯಲ್ಲಿ ಸಂಜೆಯಿಂದ ಇದೇ ರಗಳೆ. ಉಮಾಬಾಯಿ ಎಂದರೆ ಸೂರ್ಯಕಾಂತನ ತಾಯಿ. ಎಪ್ಪತ್ತು ದಾಟಿದವರು. ಹಿಂದಿನ ದಿನವಷ್ಟೇ ಹಸಿರು ಬಳೆ ತರಲೆಂದು ಸುಲ್ತಾನ್ ಬಜಾರಿನ ಒಂದು ಅಂಗಡಿಯನ್ನೂ ಬಿಡದೆ ತಿರುಗಿ, ಹಿಂದೆ ಹಿಂದೆ ಓಡುತ್ತಿದ್ದ ಸೊಸೆ ಸ್ನೇಹಲತಾ ‘ಎಲ್ಲೆರ ಒಂದ್ ಕಡೆ ಕುಂಡ್ರೂಣ್ರಿ ಅತ್ತಿಯವರ’ ಎಂದು ಕೈ ಮುಗಿಯುವ ಹಾಗೆ ಮಾಡಿದ್ದರು. ಅಂಥ ಗಟ್ಟಿ ಕಾಲುಗಳನ್ನು ಮಗರಾಯ ಮೊಬೈಲಿನ ಮೇಲೆ ಬೆರಳಾಡಿಸಿ ಕ್ಷಣದಲ್ಲಿ ಕೆಲಸಕ್ಕೆ ಬಾರದವು ಮಾಡಿಬಿಟ್ಟಿದ್ದ.

ಸಂಗತಿ ಏನೆಂದರೆ, ಮರುದಿನ ಬೆಳಗಾವಿಯಲ್ಲಿ ಸ್ನೇಹಲತಾಳ ತಂಗಿ ಮಧುರಾಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುವ ಕಾರ್ಯ. ಮೊದಲ ಉಡಿ ಅಕ್ಕನದು. ಅಕ್ಕ ಬಾರದೆ ಯಾರೂ ತುಂಬುವ ಹಾಗಿಲ್ಲ, ಉಡಿ ತುಂಬದೆ ಯಾರೂ ಉಣ್ಣುವ ಹಾಗಿಲ್ಲ.

ಸೂರ್ಯಕಾಂತನಿಗೆ ಮಾತ್ರ ಉಡಿಗಿಂತ ಊಟದ್ದೇ ಚಿಂತೆ. ಹಾಗೆಂದು ಅವನು ಹೊಟ್ಟೆಬಾಕನಲ್ಲ, ಪಾಪ. ಭಾವಮೈದುನನ ಮದುವೆಗೆ ರಜೆ ಸಿಗದೆ ಕಡೆ ಗಳಿಗೆಯಲ್ಲಿ ಬಸ್ಸು ಹಿಡಿದು, ಅದು ದಾರಿಯಲ್ಲಿ ಕೆಟ್ಟು ನಿಂತು, ಬಾಳೆಲೆ ಎತ್ತುವ ಹೊತ್ತಿಗೆ ಸರಿಯಾಗಿ ಚಪ್ಪರದೊಳಗೆ ಕಾಲಿಟ್ಟಿದ್ದ. ಅವತ್ತಿನಿಂದ ಮಾವನ ಮನೆಯಲ್ಲಿ ಅವನಿಗೆ ‘ಊಟಾದ ಮ್ಯಾಲಿನ ಅಳಿಯ’ ಎಂದೇ ಹೆಸರು. ವಾರಕ್ಕೆರಡು ಸಲ ವಿಮಾನ ಹತ್ತಿ ಊರೂರ ಆಸ್ಪತ್ರೆಗಳಿಗೆ ಯಂತ್ರ ಮಾರುವ ಮನುಷ್ಯನಿಗೆ ಈ ಹೆಸರು ಚಪ್ಪಲಿಯೊಳಗಿನ ಹರಳಿನ ಹಾಗೆ ಒತ್ತುತ್ತಿತ್ತು. ಈ ಸಲ ಅದನ್ನು ಅಳಿಸಿಯೇ ಬರುವುದೆಂದು ಹಟ ತೊಟ್ಟಿದ್ದ.

ಅವನ ಪ್ರಕಾರ ತಡವಾಗುವುದು ವಿಮಾನವಲ್ಲ, ಜನ. ಅದಕ್ಕೇ ಅವನಲ್ಲಿ ನಿಯಮಗಳಿದ್ದವು. ದಿನದ ಮೊದಲ ವಿಮಾನವನ್ನೇ ಹಿಡಿಯಬೇಕು. ಸಾಮಾನು ಕೈಯಲ್ಲೇ ಇರಬೇಕು, ವಿಮಾನದವರ ವಶಕ್ಕೆ ಕೊಡಕೂಡದು. ಬೆಲ್ಟು ಕಟ್ಟಕೂಡದು, ಲೇಸಿನ ಬೂಟು ಹಾಕಕೂಡದು. ತಪಾಸಣೆಯ ಸಾಲಿನಲ್ಲಿ ಒಂಟಿ ಗಂಡಸರ ಹಿಂದೆ ನಿಲ್ಲಬೇಕೇ ಹೊರತು ಊಟದ ಡಬ್ಬಿ ಇದ್ದವರ ಹಿಂದೆ ಸುತರಾಂ ನಿಲ್ಲಕೂಡದು. ಆಫೀಸಿಗೆ ಹೊಸದಾಗಿ ಬಂದ ಮೈಸೂರಿನ ಹುಡುಗ ತರುಣನಿಗೆ ಇದನ್ನೆಲ್ಲ ಮಂತ್ರೋಪದೇಶದ ಹಾಗೆ ಹೇಳಿಕೊಟ್ಟಿದ್ದ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಕೊನೆಯ ಅಸ್ತ್ರವೆಂದರೆ ಗಾಲಿಕುರ್ಚಿ. ಕುರ್ಚಿಗೆ ಸಾಲಿಲ್ಲ, ಕುರ್ಚಿಯ ಜೊತೆಗೆ ಹೋದವರಿಗೂ ಇಲ್ಲ.

ಉಮಾಬಾಯಿ: ಜನವರಿಯಾಗ ನಾಂಪಲ್ಲಿ ನುಮಾಯಿಷ್ ವಸ್ತುಪ್ರದರ್ಶನಕ್ಕ ಹೋದಾಗ ಕಾಲು ನೋವಂತ ಕುಂತಾಂವ ನೀನು. ನಾ ಪೂರಾ ತಿರಿಗಿ ಬಂದೀನಿ.

ಸೂರ್ಯಕಾಂತ: ಅವ್ವಾ, ನಾಳೆ ಒಂದ್ ತಾಸು ಸುಮ್ಮ ಕೂಡು. ಬೆಳಗಾವಿಯಾಗ ಇಳದ ಮ್ಯಾಲೆ ಬೇಕಾರ ಕುಣಿ.

ಇಷ್ಟು ಹೇಳಿ ಅವನು ಹೆಂಗಸರ ಚೀಲ ಬಿಚ್ಚಿ ತಪಾಸಣೆಗೆ ಕುಳಿತ. ಸೀರೆ, ಬಳೆ ಪಾಸಾದವು. ಉಪ್ಪಿನಕಾಯಿಯ ಬಾಟಲಿ ಹೊರಗೆ ಬಿತ್ತು. ಆಮೇಲೆ ಅರಿವೆಯಲ್ಲಿ ಸುತ್ತಿದ್ದ ಗಂಟೊಂದು ಸಿಕ್ಕಿತು.

ಸೂರ್ಯಕಾಂತ: ಇದೇನು?

ಉಮಾಬಾಯಿ: ಉಡಿ ಕೊಬ್ಬರಿ.

ಸೂರ್ಯಕಾಂತ: ಒಣ ಕೊಬ್ಬರಿ ನಡಿಯಂಗಿಲ್ಲವ್ವಾ. ಅದರಾಗ ಎಣ್ಣಿ ಇರತೈತಿ, ಬೆಂಕಿ ಹತ್ತತೈತಿ.

ಉಮಾಬಾಯಿ: ಇಷ್ಟು ವರ್ಷ ಒಲಿ ಬಾಜೂಕ ಇಟ್ಟೀನಿ. ಒಂದ್ ದಿನಾನೂ ಹತ್ತಿಲ್ಲ.

ಸೂರ್ಯಕಾಂತ: ಬೆಳಗಾವಿಯಾಗ ಕೊಬ್ಬರಿ ಸಿಗಂಗಿಲ್ಲೇನು?

ಉಮಾಬಾಯಿ: ಸಿಗತೈತಿ. ಅಲ್ಲೀದ ತಂದು ಅಲ್ಲೇ ಹಾಕಿದ್ರ ಅದು ಅಕ್ಕನ ಮನಿ ಉಡಿ ಹೆಂಗ ಆಗತೈತಿ? ಉಡಿ ಮನಿಯಿಂದ ಹೋಗಬೇಕು.

ಮಗ ಜಗ್ಗಲಿಲ್ಲ. ಕೊಬ್ಬರಿ ಅಡುಗೆಮನೆಗೆ ವಾಪಸಾಯಿತು. ಉಮಾಬಾಯಿಯೂ ಹೆಚ್ಚು ವಾದಿಸಲಿಲ್ಲ. ತಾಯಿ ಸುಮ್ಮನಾದಳೆಂದರೆ ಒಪ್ಪಿದಳೆಂದು ತಿಳಿಯುವುದು ಸೂರ್ಯಕಾಂತನ ಹಳೆಯ ಚಾಳಿ. ಮಲಗುವ ಮುಂಚೆ ಆಕೆ ಒಂದೇ ಒಂದು ಮಾತು ಕೇಳಿದರು, ಕುರ್ಚಿಯಲ್ಲಿ ಕೂತವರ ಚೀಲವನ್ನೂ ಬಿಚ್ಚಿ ನೋಡುತ್ತಾರೇನು ಎಂದು. ತನ್ನ ಅಸ್ತ್ರದ ಮಹಿಮೆ ಹೇಳಲು ಇದಕ್ಕಿಂತ ಒಳ್ಳೆ ಸಂದರ್ಭ ಎಲ್ಲಿ ಸಿಗಬೇಕು? ವಯಸ್ಸಾದ ರೋಗಿಯನ್ನು ಯಾರು ಕಾಡುತ್ತಾರೆ, ನೋಡಿದರೂ ನೋಡದ ಹಾಗೆ ಬಿಡುತ್ತಾರೆ ಎಂದು ಅವನು ಧಾರಾಳವಾಗಿ ಹೇಳಿದ. ಉಮಾಬಾಯಿ ‘ಹೌದೇನು’ ಎಂದು ಅಡುಗೆಮನೆಯ ದೀಪ ಹಾಕಿದರು.

ಬೆಳಿಗ್ಗೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಕುರ್ಚಿ ತಯಾರಿತ್ತು. ಅದನ್ನು ತಳ್ಳುವ ಚಂದ್ರಾಮ ಬಸವಕಲ್ಯಾಣದ ಕಡೆಯವನು. ಹತ್ತು ಹೆಜ್ಜೆ ತಳ್ಳುವುದರೊಳಗೆ ಉಮಾಬಾಯಿ ಅವನ ಊರು, ಮನೆದೇವರು, ಹೆಂಡತಿಯ ತವರು ಎಲ್ಲ ಕೇಳಿ ತಿಳಿದುಕೊಂಡು, ಅವನನ್ನು ದೂರದ ಸಂಬಂಧಿ ಮಾಡಿಕೊಂಡಿದ್ದರು. ತೊಡೆಯ ಮೇಲೆ ದೊಡ್ಡದೊಂದು ಬಟ್ಟೆಯ ಚೀಲ ಇಟ್ಟುಕೊಂಡು ಮೆರವಣಿಗೆಗೆ ಹೊರಟವರ ಹಾಗೆ ನೆಟ್ಟಗೆ ಕೂತಿದ್ದರು. ಸೂರ್ಯಕಾಂತ ಅವರ ಕಿವಿಯ ಹತ್ತಿರ ಬಗ್ಗಿದ.

ಸೂರ್ಯಕಾಂತ: ಅವ್ವಾ, ಒಂದೀಟ ಬಾಗಿ ಕೂಡು. ಇಷ್ಟ ದೊಡ್ಡ ಚೀಲ ತೊಡಿ ಮ್ಯಾಲೆ ಇದ್ರ ಮೊಣಕಾಲ ನೋವಂತ ಯಾರ ನಂಬತಾರ? ಕೊಡ ಇಲ್ಲೆ.

ಉಮಾಬಾಯಿ: ಬ್ಯಾಡ ಸೂರ್ಯಾ. ಅದು ನನ್ನ ಹತ್ರನ ಇರಲಿ.

ಸೂರ್ಯಕಾಂತ: ಕೊಡವ್ವಾ.

ಉಮಾಬಾಯಿ: ಅದರಾಗ—

ಸೂರ್ಯಕಾಂತ: ರೋಗಿಗಳು ಭಾಳ ಮಾತಾಡಬಾರದು.

ಚೀಲ ಕಸಿದುಕೊಂಡು ಹೆಗಲಿಗೆ ಹಾಕಿಯೇಬಿಟ್ಟ. ಉಮಾಬಾಯಿ ಸೊಸೆಯ ಮುಖ ನೋಡಿದರು. ಸೊಸೆ ಮೇಲಿನ ಛಾವಣಿ ನೋಡಿದಳು. ಅಷ್ಟರಲ್ಲಿ ಚಂದ್ರಾಮ, ಕುರ್ಚಿಯ ಜೊತೆಗೆ ಒಬ್ಬರು ಮಾತ್ರ ಬರಬಹುದು ಎಂದ. ಸೂರ್ಯಕಾಂತ ಜಂಬದಿಂದ ಒಂದು ಹೆಜ್ಜೆ ಮುಂದಿಟ್ಟ.

ಉಮಾಬಾಯಿ: ನೀ ಎಲ್ಲಿಗೆ? ಹೆಣ್ಣಮಕ್ಕಳ ತಪಾಸಣಿ ಬ್ಯಾರೆ ಕಡೆ ಅಂತ. ಸೊಸಿ ಬರಲಿ.

ಸೂರ್ಯಕಾಂತ: ಅವ್ವಾ, ಕುರ್ಚಿ ಬರಿಸಿದಾಂವ ನಾನು.

ಉಮಾಬಾಯಿ: ರೋಗಿಗಳ ಜೋಡಿ ವಾದ ಮಾಡಬಾರದು.

ಕುರ್ಚಿ ಹೋಯಿತು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸ್ನೇಹಲತಾ ಹಿಂದೆ ತಿರುಗಿ ಕೈ ಬೀಸಿದಳು. ಆ ಕೈಯಲ್ಲಿ ನಗು ಇತ್ತೆಂದು ಸೂರ್ಯಕಾಂತನಿಗೆ ಇವತ್ತಿಗೂ ಗುಮಾನಿ. ಇರಲಿ, ನಿಯಮಗಳಂತೂ ತನ್ನ ಹತ್ತಿರವೇ ಇವೆಯಲ್ಲ ಎಂದು ಒಂಟಿ ಗಂಡಸರ ಸಾಲು ಹುಡುಕಿ ನಿಂತ. ಹಿಂದಿನಿಂದ ಯಾರೋ ಕರೆದಂತಾಯಿತು. ನೋಡಿದರೆ ತರುಣ, ಬೆಂಗಳೂರಿಗೆ ಹೊರಟಿದ್ದ. ಗುರುಗಳ ಹಿಂದೆಯೇ ನಿಂತು ನಮಸ್ಕಾರ ಹೇಳಿದವನು, ಹೆಗಲ ಚೀಲದಿಂದ ಇಣುಕುತ್ತಿದ್ದ ಸ್ಟೀಲು ಡಬ್ಬಿಗಳನ್ನು ನೋಡಿ ಮೆಲ್ಲಗೆ ಪಕ್ಕದ ಸಾಲಿಗೆ ಜಾರಿದ.

ಸೂರ್ಯಕಾಂತ: ಯಾಕೋ ತರುಣ?

ತರುಣ: ತಪ್ಪು ತಿಳ್ಕೋಬೇಡಿ ಸಾರ್. ಡಬ್ಬಿ ಇರೋರ ಹಿಂದೆ ನಿಲ್ಲಬಾರ್ದು ಅಂತ ನೀವೇ ಹೇಳಿದ್ದಲ್ವಾ?

ತರುಣನ ಸಾಲು ಸರಸರ ಸರಿಯಿತು. ಸೂರ್ಯಕಾಂತನ ಚೀಲ ಯಂತ್ರದೊಳಗೆ ಹೋಗಿ, ಹಿಂದೆ ಬಂದು, ಮತ್ತೆ ಹೋಗಿ, ಕೊನೆಗೆ ಬದಿಯ ಮೇಜಿಗೆ ಬಂತು. ಅಧಿಕಾರಿ ಒಂದೊಂದೇ ಡಬ್ಬಿ ತೆಗೆದ. ಶೇಂಗಾ ಹೋಳಿಗೆ ಬಂತು, ಚಟ್ನಿಪುಡಿ ಬಂತು, ಅಕ್ಕಿಯ ಗಂಟು, ಅರಿಷಿಣದ ಬೇರು ಬಂದವು. ಆಮೇಲೆ ರಾತ್ರಿ ತಾನೇ ಹೊರಗೆ ಹಾಕಿದ್ದ ಉಪ್ಪಿನಕಾಯಿ ಬಂತು. ಅದರ ಕೆಳಗೆ ಕೊಬ್ಬರಿ ಬಟ್ಟಲುಗಳು ಬೆಚ್ಚಗೆ ಮಲಗಿದ್ದವು. ಇದೆಲ್ಲ ಏಕೆಂದು ಕೇಳಿದಾಗ ಸೂರ್ಯಕಾಂತ ತನಗೆ ಬಂದ ಹಿಂದಿಯಲ್ಲಿ ಬಸುರಿ, ಉಡಿ, ಅಕ್ಕ ಎಂದೆಲ್ಲ ತಡವರಿಸಿದ. ಅಧಿಕಾರಿ ಮುಖ ಅರಳಿಸಿ, ಮೊದಲನೇ ಮಗುವೇ ಎಂದು ಕೇಳಿ ಕೈ ಕುಲುಕಿದ. ಮಗು ತನ್ನದಲ್ಲ ಎಂದು ಹೇಳಲು ಹೋದರೆ ಇನ್ನಷ್ಟು ತಡವಾದೀತೆಂದು ಅವನು ಆ ಅಭಿನಂದನೆಯನ್ನೂ ಸ್ವೀಕರಿಸಿದ. ಅಷ್ಟಾಗಿಯೂ ಕೊಬ್ಬರಿ ಮತ್ತು ಉಪ್ಪಿನಕಾಯಿ ಅಲ್ಲೇ ಉಳಿದವು.

ಅದೇ ಹೊತ್ತಿಗೆ ಬೆಳಗಾವಿಯ ವಿಮಾನಕ್ಕೆ ಕಡೆಯ ಕರೆ ಕೇಳಿಸಿತು. ಅವನ ಗೇಟು ಇದ್ದದ್ದು ಇನ್ನೊಂದು ತುದಿಯಲ್ಲಿ. ಮಾವನ ಮನೆಯ ಅಂಗಳ, ಎತ್ತುತ್ತಿರುವ ಬಾಳೆಲೆ, ಕೈ ತೊಳೆಯುತ್ತಾ ‘ಬಂದ್ರೇನು’ ಎನ್ನುವ ಬೀಗರು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದು, ಅಷ್ಟು ದೊಡ್ಡ ಗಂಡಸಿಗೆ ನಿಜವಾಗಿಯೂ ಅಳು ಬಂದಂತಾಯಿತು. ಫೋನು ಹಚ್ಚಿದ.

ಸೂರ್ಯಕಾಂತ: ಎಲ್ಲಿದ್ದೀರಿ?

ಸ್ನೇಹಲತಾ: ಗೇಟಿನ ಮುಂದ. ಛಾ ಕುಡದು ಕುಂತೀವಿ. ಎಲ್ಲಾರೂ ವಿಮಾನ ಹತ್ತ್ಯಾರ, ನೀವೆಲ್ಲಿ?

ಸೂರ್ಯಕಾಂತ: ಕೊಬ್ಬರಿ ಮುಂದ. ಬಾಗಲ ಹಾಕಾಕ ಬಿಡಬ್ಯಾಡ. ಅವ್ವನ್ನ ಬಾಗಲದಾಗ ನಿಂದ್ರಸು.

ಸ್ನೇಹಲತಾ: ಹೆಂಗ ನಿಂದ್ರಸಲಿ? ನಿಲ್ಲಾಕ ಬರಂಗಿಲ್ಲಂತ ನೀವ ಬರಿಸೀರಲ್ರಿ.

ಸೂರ್ಯಕಾಂತ: ಹಂಗಾರ ನೀ ನಿಂದ್ರು.

ಸ್ನೇಹಲತಾ: ರೋಗಿ ಬಿಟ್ಟು ನಾ ಎಲ್ಲೂ ಹೋಗೂಹಂಗಿಲ್ಲ. ಜೋಡಿಗಿದ್ದವರ ಕೆಲಸಾನ ಅದು.

ಸೂರ್ಯಕಾಂತ: ಸ್ನೇಹಾ, ನಿನ್ನ ಕೈ ಮುಗೀತೀನಿ. ಇದೊಂದ್ ಸಲ ನಾ ಊಟಕ್ಕ ಮೊದಲ ಮುಟ್ಟಬೇಕು.

ಆ ಕಡೆ ಫೋನು ಕೈ ಬದಲಾಯಿಸಿತು.

ಉಮಾಬಾಯಿ: ಸೂರ್ಯಾ, ಅಕ್ಕಿ ಉಳೀತೇನು?

ಸೂರ್ಯಕಾಂತ: ಅಕ್ಕಿ ಉಳದೈತಿ. ಕೊಬ್ಬರಿ ಹೋತು.

ಉಮಾಬಾಯಿ: ಮನಿ ಅಕ್ಕಿ ಇದ್ರ ಮನಿ ಉಡೀನ ಆತು. ಅಲ್ಲೇ ನಿಂದ್ರು, ಓಡಬ್ಯಾಡ.

ಓಡಬೇಡ ಎಂದರೆ ಏನರ್ಥ ಎಂದು ಅವನು ಯೋಚಿಸುವುದರೊಳಗೆ ಚಂದ್ರಾಮ ಖಾಲಿ ಕುರ್ಚಿ ದೂಡಿಕೊಂಡು ಏದುಸಿರು ಬಿಡುತ್ತಾ ಬಂದ.

ಚಂದ್ರಾಮ: ಕುಂಡ್ರಿ ಸಾಹೇಬ್ರ.

ಸೂರ್ಯಕಾಂತ: ನನಗೇನಾಗೇತಿ? ಓಡತೀನಿ.

ಚಂದ್ರಾಮ: ಓಡಿ ಬಂದೋರಿಗೆ ಬಾಗಲ ಹಾಕತಾರ್ರಿ. ಕುರ್ಚಿ ಬರಾಕತ್ತೈತಿ ಅಂದ್ರ ಕಾಯತಾರ. ಕಾಲ ನೋವು ತಮ್ಮದಲ್ಲ, ಮಗಂದು, ಹೆಸರ ಬರಸಾಗ ತಪ್ಪಾತು ಅಂತ ಅಮ್ಮಾರು ಎದ್ದು ನಿಂತು ಹೇಳಿಬಿಟ್ಟಾರ.

ಸೂರ್ಯಕಾಂತ ಸುತ್ತಲೂ ನೋಡಿದ. ಆಮೇಲೆ ಕೂತ. ಚಂದ್ರಾಮ ಡಬ್ಬಿಯ ಚೀಲವನ್ನು ಅವನ ತೊಡೆಯ ಮೇಲಿಟ್ಟು, ಒಂದೀಟು ಬಾಗಿ ಕೂಡ್ರಿ ಎಂದ. ಕಾಫಿ ಅಂಗಡಿಯ ಮುಂದೆ ತರುಣ ಕಪ್ಪು ಹಿಡಿದು ನಿಂತಿದ್ದ. ಗುರುಗಳ ಸವಾರಿ ಹೊರಟಿದ್ದನ್ನು ಕಂಡು ಮೊದಲು ಗಾಬರಿಯಾದ. ಮರುಕ್ಷಣ ಅವನ ಕಣ್ಣಲ್ಲಿ ಎಂಥದೋ ಬೆಳಕು ಮೂಡಿತು. ಸಾರ್ ತನಗೆ ಇನ್ನೂ ಹೇಳಿಕೊಡದೆ ಇಟ್ಟುಕೊಂಡ ನಿಯಮ ಇದೇ ಎಂದು ಅವನಿಗೆ ಹೊಳೆದಿತ್ತು. ಸೂರ್ಯಕಾಂತ ಮೊಣಕಾಲು ಹಿಡಿದುಕೊಂಡು ಮುಖ ಕಿವುಚಿದ.

ಗೇಟಿನಲ್ಲಿ ಉಮಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಲ್ಲಿ ಟಿಕೆಟ್ ನೋಡುವ ಹುಡುಗಿ ಇಂಥ ವಯಸ್ಸಿನಲ್ಲಿ ಮಗನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಲ್ಲ ಅಮ್ಮಾ ಎಂದು ಹೊಗಳುತ್ತಿದ್ದಳು. ಏನು ಮಾಡುವುದು, ಒಬ್ಬನೇ ಮಗ ಎಂದು ಉಮಾಬಾಯಿ ನಿಟ್ಟುಸಿರು ಬಿಟ್ಟರು. ವಿಮಾನ ಹೊತ್ತಿಗೆ ಸರಿಯಾಗಿ ಏರಿತು.

ಬೆಳಗಾವಿಯಲ್ಲಿ ಇಳಿದಾಗ ಏಣಿಯ ಬುಡದಲ್ಲಿ ಇನ್ನೊಂದು ಕುರ್ಚಿ ಕಾಯುತ್ತಿತ್ತು. ಹೈದರಾಬಾದಿನವರು ಮುಂಚೆಯೇ ಸುದ್ದಿ ಮುಟ್ಟಿಸಿದ್ದರು.

ಸೂರ್ಯಕಾಂತ: ನಾ ನಡೀತೀನಿ.

ಸ್ನೇಹಲತಾ: ಕುಂಡ್ರಿ ಸುಮ್ಮ. ಈಗ ನಡದ್ರ, ಇಷ್ಟು ಮಂದೀನ ಯಾಕ ಕಾಯಿಸಿದ್ರಿ ಅಂತ ಕೇಳತಾರ. ಏನ ಹೇಳತೀರಿ, ಪ್ಲ್ಯಾನಿಂಗ್ ಅಂತೀರೇನು?

ವಿಮಾನದ ಕಿಟಕಿಗಳಿಂದ ಎಲ್ಲರೂ ಕನಿಕರದಿಂದ ನೋಡುತ್ತಿದ್ದರು. ಅವನು ಕೂತ. ಹೊರಬಾಗಿಲಲ್ಲಿ ಮಾವ ಬಸವಲಿಂಗಪ್ಪ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಮೊದಲು ಉಮಾಬಾಯಿ ಬೀಸುಗಾಲು ಹಾಕುತ್ತಾ ಹೊರಬಂದರು. ಹಿಂದೆ ಬಳೆಯ ಚೀಲ ಹಿಡಿದ ಸ್ನೇಹಲತಾ ಬಂದಳು. ಅವಳ ಹಿಂದೆ, ತೊಡೆಯ ಮೇಲೆ ಉಡಿಯ ಅಕ್ಕಿ ಇಟ್ಟುಕೊಂಡು, ತಲೆ ಬಗ್ಗಿಸಿಕೊಂಡು, ಅಳಿಯದೇವರು ಉರುಳಿ ಬಂದರು. ಬಸವಲಿಂಗಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಬಸವಲಿಂಗಪ್ಪ: ಅಳಿಯಂದಿರಿಗೆ ಏನಾತ್ರಿ?

ಉಮಾಬಾಯಿ: ಏನೂ ಆಗಿಲ್ರಿ ಬೀಗರ. ಈ ಸಲ ಅಂವ ಊಟಕ್ಕ ಮೊದಲ ಬಂದಾನ. ಕಾಲಷ್ಟ ಊಟಾದ ಮ್ಯಾಲೆ ಬರತಾವ.