ಬೋಳು ಚಾವಣಿಯ ತಂಪು

ಪೈಪು ಎರಡು ಮಾರು ಕಡಿಮೆ ಬಿತ್ತು. ಎಲ್ಲ ಶುರುವಾದದ್ದು ಅಲ್ಲಿಂದ.

ಆರು ಮನೆಗಳ ಆ ಹಳೇ ಕಟ್ಟಡದ ಚಾವಣಿಗೆ ಹಸಿರು ಹಾಸುವ ಕೆಲಸ ಎರಡು ವರ್ಷದ ಹಿಂದೆ ನಡೆದಿತ್ತು. ನೀರಿಳಿಯದ ಕಪ್ಪು ಹಾಳೆ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಗೇಣು ಮಣ್ಣು, ಮಣ್ಣಿನ ಮೇಲೆ ಹುಲ್ಲು. ಬಿಸಿಲನ್ನು ಹುಲ್ಲು ಕುಡಿದುಬಿಡುತ್ತದೆ, ಕೆಳಗಿನ ಮನೆ ತಂಪಾಗಿರುತ್ತದೆ, ಮಳೆನೀರೂ ಒಮ್ಮೆಲೇ ಬೀದಿಗೆ ನುಗ್ಗುವುದಿಲ್ಲ ಎಂದು ಸಂಘದ ಅಧ್ಯಕ್ಷರು ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದ್ದರು. ಮೇಲ್ಮಹಡಿಯಲ್ಲಿದ್ದದ್ದು ಎರಡೇ ಮನೆ. ಎಡಕ್ಕೆ ಅಧ್ಯಕ್ಷರದು, ಬಲಕ್ಕೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನದು. ಅವನನ್ನು ಎಲ್ಲರೂ ಕನ್ನಡಕದವರು ಎಂದೇ ಕರೆಯುತ್ತಿದ್ದರು. ನೀರಿನ ಪೈಪು ಅಧ್ಯಕ್ಷರ ನೆತ್ತಿಯ ಮೇಲೆಲ್ಲ ಸುತ್ತಾಡಿ, ಕನ್ನಡಕದವನ ಗಡಿ ಮುಟ್ಟುವ ಹೊತ್ತಿಗೆ ಮುಗಿದುಹೋಯಿತು.

"ಇನ್ನೊಂದು ತುಂಡು ತರಿಸೋಣ ಬಿಡಿ" ಎಂದರು ಅಧ್ಯಕ್ಷರು. ಬಿಟ್ಟರು.

ಕನ್ನಡಕದವನು ಒಂದಷ್ಟು ದಿನ ತಾನೇ ಬಕೆಟ್ಟಿನಲ್ಲಿ ನೀರು ಹೊತ್ತ. ಮಂಡಿ ಕೈಕೊಟ್ಟಿತು. ಬಲಗಡೆಯ ಹುಲ್ಲು ಸತ್ತಿತು. ಮಣ್ಣನ್ನು ಗಾಳಿ ಒಯ್ದು ಹಿಂದಿನ ಬೀದಿಯವರ ಒಣಹಾಕಿದ ಬಟ್ಟೆಗಳಿಗೆ ಹಂಚಿತು. ಉಳಿದದ್ದು ಅಲ್ಲಲ್ಲಿ ಜಲ್ಲಿ, ಮಿಕ್ಕಂತೆ ಬರೀ ಕಪ್ಪು ಹಾಳೆ. ಅದು ಕಾದರೆ ಕೆಳಗಿನ ಮನೆ ಮುಚ್ಚಿದ ಟಿಫಿನ್ ಡಬ್ಬಿಯ ಹಾಗಾಗುತ್ತಿತ್ತು.

ಅವನ ಹೆಂಡತಿ ಒಂದು ಬೇಸಿಗೆ ತಡೆದಳು. ಎರಡನೆಯದರ ಮೊದಲ ವಾರವೇ ಪೆಟ್ಟಿಗೆ ತುಂಬಿದಳು. "ನಾನೇನು ಇಸ್ತ್ರಿ ಬಟ್ಟೇನಾ, ಇಡೀ ದಿನ ಕಾವಿನ ಕೆಳಗೆ ಬಿದ್ದಿರೋಕೆ? ತಲೆ ಮೇಲೆ ಹುಲ್ಲು ಬೆಳೆದ ದಿನ ಹೇಳಿಕಳಿಸಿ, ಬರ್ತೀನಿ" ಎಂದು ಅಕ್ಕನ ಮನೆಗೆ ಹೊರಟುಹೋದಳು. ಅವಳು ಹೋಗಿ ಐವತ್ತು ದಿನ ದಾಟಿತ್ತು. ಒಬ್ಬನಿಗೇ ಅಂತ ಅಡುಗೆ ಮಾಡಲು ಬೇಜಾರಾಗಿ ಅವನು ಬ್ರೆಡ್ಡು ತಿಂದು ಮಲಗುತ್ತಿದ್ದ. ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ಬೆನ್ನು ಹಾಸಿಗೆಗೆ ಅಂಟಿಕೊಳ್ಳುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಅವನು ಅಂಗಡಿಗೆ ಹೊರಡುವ ಹೊತ್ತಿಗೆ, ಹಸಿರು ಚಾವಣಿಗಳ ತಪಾಸಣೆಗೆಂದು ಸರ್ಕಾರದ ಕಡೆಯ ಎಂಜಿನಿಯರಮ್ಮ ಬಂದಳು. ಚುರುಕು ಹೆಂಗಸು. ಕುರ್ಚಿ ಹತ್ತಿ ಅವನ ಕೋಣೆಯ ಚಾವಣಿಗೆ ಅಂಗೈಯಗಲದ ಒಂದು ಡಬ್ಬಿ ಅಂಟಿಸಿದಳು.

"ಇದು ಸಂಜೆವರೆಗೆ ಕಾವು ಅಳೆಯುತ್ತೆ. ದಿನಾ ಹೇಗಿರ್ತೀರೋ ಹಾಗೇ ಇರಿ. ಡಬ್ಬಿ ಮಾತ್ರ ಮುಟ್ಟಬೇಡಿ. ಯಾಕೆ ಇಟ್ಟಿದ್ದೀನಿ ಅಂದ್ರೆ..."

"ಮೇಡಂ, ಮೊದಲು ನಮ್ಮನೆಗೆ ಬನ್ನಿ!" ಅಧ್ಯಕ್ಷರು ಬಾಗಿಲಲ್ಲಿ ಕಾಣಿಸಿಕೊಂಡು ಅವಳನ್ನು ಎಡಗಡೆಗೆ ಎಳೆದುಕೊಂಡು ಹೋದರು. ಅಲ್ಲಿ ಇನ್ನೊಂದು ಡಬ್ಬಿ ಅಂಟಿತು. ಆಮೇಲೆ ಚಾವಣಿಯ ಎಡಭಾಗದ ಹುಲ್ಲು ತೋರಿಸಿ, "ಬಲಗಡೆ ಟಾರು ಹಾಕಿಸಿದ್ದೀವಿ, ಕಾಲಿಗೆ ಅಂಟುತ್ತೆ" ಎಂದು ಸುಳ್ಳು ಹೇಳಿ, ಅವಳನ್ನು ಗೇಟಿನವರೆಗೂ ಬಿಟ್ಟು ಬಂದರು.

ಬಂದವರೇ ಕನ್ನಡಕದವನ ಕೈ ಹಿಡಿದುಕೊಂಡರು. "ಇವತ್ತು ರಜೆ ಹಾಕಿ. ನಮ್ಮೆಲ್ಲರ ಮಾನ ನಿಮ್ಮ ಸೂರಿಗೆ ಅಂಟಿಕೊಂಡಿದೆ."

"ಮಾನ ಏನು ಬಂತು ಸಾರ್? ಬಿಸಿ ಇದ್ರೆ ಬಿಸಿ ಅಂತ ತೋರಿಸುತ್ತೆ. ಇರೋದನ್ನ ಇದ್ದ ಹಾಗೆ ಹೇಳಿಬಿಡೋಣ."

"ಅಯ್ಯೋ, ಬಿಸಿ ಅಂತ ಬಂದ್ರೆ ಫೇಲು! ತಂಪು ಅಂತ ಬಂದ್ರೆ ಗೇಟಿಗೆ 'ಹಸಿರು ಕಟ್ಟಡ' ಅನ್ನೋ ಬೋರ್ಡು, ಮೇಲೆ ಹೊಸ ಮಣ್ಣು, ಹೊಸ ಪೈಪು. ಮೊದಲ ಬುಟ್ಟಿ ಮಣ್ಣು ನಿಮ್ಮ ಕಡೆಗೇ. ನಾನು ಮಾತು ಕೊಡ್ತೀನಿ. ನಿಮ್ಮ ಮನೆಯವರೂ ವಾಪಸ್ ಬರ್ತಾರೆ."

ಕೊನೆಯ ಮಾತು ಕೇಳಿ ಕನ್ನಡಕದವನು ಮೆತ್ತಗಾದ. ಅಂಗಡಿಗೆ ಫೋನು ಮಾಡಿ, ಜ್ವರ ಎಂದ.

ಹತ್ತು ನಿಮಿಷದಲ್ಲಿ ಕೆಳಗಿನ ಮಹಡಿಯ ಟೈಲರಣ್ಣ ಐಸ್ ಕಾರ್ಖಾನೆಯಿಂದ ಗೋಣಿಚೀಲ ಸುತ್ತಿದ ಎರಡು ಐಸ್ ಗಡ್ಡೆ ಹೊರಿಸಿಕೊಂಡು ಬಂದ. ಬಟ್ಟೆ ಒಗೆಯುವ ಟಬ್ಬಿನಲ್ಲಿ ಒಂದು, ಇನ್ನೊಂದಕ್ಕೆ ಜಾಗವಿಲ್ಲದೆ ಮಂಚದ ಪಕ್ಕ ನೆಲಕ್ಕೇ ಇಟ್ಟ. ಅದರ ಹಿಂದೆ ಫ್ಯಾನು ನಿಲ್ಲಿಸಿ ಡಬ್ಬಿಯ ಕಡೆಗೆ ತಿರುಗಿಸಿದ. ಟೈಲರಣ್ಣನ ಎದುರು ಮನೆಯ ನರ್ಸಮ್ಮ ಜ್ವರದ ರೋಗಿಗಳಿಗೆ ಇಡುವ ಐಸ್ ಚೀಲಗಳನ್ನು ತಂದಳು.

"ಡಬ್ಬಿ ಮುಟ್ಟಬಾರದು ಅಂದಿದ್ದಾರೆ" ಎಂದ ಕನ್ನಡಕದವನು.

"ಮುಟ್ಟೋರು ಯಾರು? ಹತ್ತಿರ ಹಿಡಿದ್ರೆ ಸಾಕು" ಎಂದು ನರ್ಸಮ್ಮ ಚೀಲವನ್ನು ಪೊರಕೆಯ ತುದಿಗೆ ಕಟ್ಟಿ ಅವನ ಕೈಗೆ ಕೊಟ್ಟಳು. "ಅರ್ಧರ್ಧ ಗಂಟೆಗೆ ಕೈ ಬದಲಾಯಿಸ್ಕೊಳ್ಳಿ. ಇಲ್ಲಾಂದ್ರೆ ಭುಜ ಹಿಡ್ಕೊಳ್ಳುತ್ತೆ."

ಮಧ್ಯಾಹ್ನದ ಹೊತ್ತಿಗೆ ಹೊರಗೆ ಕಾಗೆಗೂ ಬಾಯಿ ಒಣಗುವ ಬಿಸಿಲು. ಒಳಗೆ ಕನ್ನಡಕದವನು ಸ್ವೆಟರು, ಮಫ್ಲರು ತೊಟ್ಟು, ಪೊರಕೆ ಎತ್ತಿ ಹಿಡಿದು, ಬಾವುಟ ಹೊತ್ತು ದಾರಿ ತಪ್ಪಿದ ಸೈನಿಕನಂತೆ ಕುರ್ಚಿಯ ಮೇಲೆ ನಿಂತಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಇಷ್ಟಕ್ಕೂ ಟೈಲರಣ್ಣನಿಗೆ ಸಮಾಧಾನವಿಲ್ಲ. "ಕಾವು ಬರೋದು ಮೇಲಿಂದ. ಬೇರಿಗೇ ಕೈ ಹಾಕಬೇಕು" ಎಂದು ಚಾವಣಿ ಹತ್ತಿ ಕಪ್ಪು ಹಾಳೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದ. ಎರಡು ಬೇಸಿಗೆ ಕಾದು ಸೀಳಿಹೋಗಿದ್ದ ಹಾಳೆ ಆ ನೀರನ್ನು ನೆಟ್ಟಗೆ ಕೆಳಕ್ಕೆ ಕಳಿಸಿತು. ಮೊದಲು ಒಂದು ಹನಿ, ಆಮೇಲೆ ದಾರ. ಬಿದ್ದದ್ದು ಹಾಸಿಗೆಯ ಮೇಲೆ, ಅದೂ ಹೆಂಡತಿ ಮಲಗುತ್ತಿದ್ದ ಮಗ್ಗುಲಿಗೆ.

"ಅಣ್ಣಾ, ನಿಲ್ಸಿ! ಸೋರ್ತಿದೆ!" ಕನ್ನಡಕದವನು ಕೂಗಿದ.

ಮೇಲಿಂದ ಉತ್ತರ ಬಂತು: "ಏನು? ಸಾಲ್ತಿಲ್ವಾ? ಇಗೋ, ಇನ್ನೂ ತಂದೆ!"

ಇನ್ನೂ ನಾಲ್ಕು ಬಕೆಟ್ಟು ಬಿತ್ತು. ಹಾಸಿಗೆ ಎಳೆಯಲು ಕುರ್ಚಿಯಿಂದ ಇಳಿದವನು ಕರಗಿದ ಐಸಿನ ನೀರಿನಲ್ಲಿ ಜಾರಿ ಟಬ್ಬಿನೊಳಗೇ ಕೂತ. ಸದ್ದು ಕೇಳಿ ಓಡಿಬಂದ ಅಧ್ಯಕ್ಷರು ಮೊದಲು ಡಬ್ಬಿ ನೋಡಿದರು, ಆಮೇಲೆ ಅವನನ್ನು.

"ಸದ್ಯ, ಡಬ್ಬಿಗೇನೂ ಆಗಿಲ್ಲ" ಎಂದರು.

ನಾಲ್ಕು ಗಂಟೆಗೆ ಮುಂಚೆ ಐಸು, ಟಬ್ಬು, ಪೊರಕೆ, ಹಾಸಿಗೆ ಎಲ್ಲ ಬಚ್ಚಲಿಗೆ ಹೋದವು. ನರ್ಸಮ್ಮ ನೆಲ ಒರೆಸಿದಳು. ಎಂಜಿನಿಯರಮ್ಮ ಬಂದು ಎರಡೂ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟು ಓದಿದಳು. ಹುಬ್ಬು ಗಂಟಿಕ್ಕಿದಳು. ಮತ್ತೊಮ್ಮೆ ಓದಿದಳು.

"ಅಧ್ಯಕ್ಷರ ಮನೆ ಇಪ್ಪತ್ತೆಂಟು ಡಿಗ್ರಿ. ನಿಮ್ಮದು ಇಪ್ಪತ್ತೊಂದು! ಬೋಳು ಚಾವಣಿ ಕೆಳಗೆ ಇಷ್ಟು ತಂಪಾ?"

ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಯಿತು. "ಬೋಳು ಅಂತ ನಿಮಗೆ..."

"ನಿನ್ನೆಯೇ ಎದುರು ಕಟ್ಟಡ ಹತ್ತಿ ನೋಡಿದ್ದೆ. ಅದಕ್ಕೇ ತಾನೇ ಇಲ್ಲಿ ಡಬ್ಬಿ ಇಟ್ಟಿದ್ದು? ಹುಲ್ಲಿದ್ದ ಮನೆಗೂ ಇಲ್ಲದ ಮನೆಗೂ ಎಷ್ಟು ವ್ಯತ್ಯಾಸ ಅಂತ ನೋಡೋಕೆ. ಒಂದು ಚಾವಣಿಗೆ ಆಗೋಷ್ಟು ಮಣ್ಣು, ಪೈಪು ಮಂಜೂರಾಗಿದೆ. ಯಾವ ಮನೆ ಹೆಚ್ಚು ಬಿಸಿಯೋ ಅದಕ್ಕೆ ಕೊಡಬೇಕು. ಇವರ ಹೆಸರು ಬರೆದೇಬಿಟ್ಟಿದ್ದೆ ನಾನು, ಅಂಕಿ ತುಂಬೋದೊಂದೇ ಬಾಕಿ ಇತ್ತು." ಅವಳು ಕನ್ನಡಕದವನ ಕಡೆ ತಿರುಗಿದಳು. "ನಿಜ ಹೇಳಿ, ಯಾರಾದ್ರೂ ಏನಾದ್ರೂ ಮಾಡಿದ್ರಾ? ಅಳತೇಲಿ ಮೋಸ ಅಂತಾದ್ರೆ ಇಡೀ ಕಟ್ಟಡವನ್ನೇ ಪಟ್ಟಿಯಿಂದ ತೆಗೀತಾರೆ, ಇರೋ ಹುಲ್ಲನ್ನೂ ಕೀಳಿಸ್ತಾರೆ."

ಅವನು ಬಾಯಿ ತೆರೆದ. ಅಧ್ಯಕ್ಷರು, ಟೈಲರಣ್ಣ, ನರ್ಸಮ್ಮ ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು. ಬಚ್ಚಲಿನಿಂದ ಐಸು ಕರಗಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಬಾಯಿಂದ ಬಂದದ್ದು ಒಂದು ಸೀನು, ಆಮೇಲೆ ಇನ್ನೊಂದು.

"ಇಲ್ಲ" ಎಂದ.

"ಹಳೇ ಕಾಲದ ಗಾರೆ, ಒಂದೊಂದ್ಸಲ ಹೀಗಿರುತ್ತೆ. ಇಷ್ಟು ತಂಪಿರೋ ಮನೇಲಿ ನೆಗಡಿ ಬರದೆ ಇನ್ನೇನು?" ಎಂಜಿನಿಯರಮ್ಮ ಕಾಗದದಲ್ಲಿ ಅವನ ಹೆಸರು ಹೊಡೆದುಹಾಕಿ ಅಧ್ಯಕ್ಷರ ಹೆಸರು ಬರೆದಳು. "ಎಡಗಡೆ ಇನ್ನೊಂದು ಗೇಣು ಮಣ್ಣು ಹಾಕಿಸಿ. ಬಲಗಡೆ ಹುಲ್ಲಿನ ಅಗತ್ಯ ಇಲ್ಲ ಅಂತ ಷರಾ ಬರೀತೀನಿ."

ಕೊಟ್ಟ ಮಾತನ್ನು ಅಧ್ಯಕ್ಷರು ಮರೆತಿರಲಿಲ್ಲ. ಅವಳನ್ನು ಬೀಳ್ಕೊಟ್ಟು ಬಂದು ಅವನ ಒದ್ದೆ ಬೆನ್ನು ಸವರಿದರು. "ನನ್ನದೇನಿದೆ ಹೇಳಿ? ಸರ್ಕಾರದ ಷರಾ. ಆದ್ರೂ ನೀವು ಬಾಯಿ ಬಿಡದೇ ಇದ್ದದ್ದು ದೊಡ್ಡತನ" ಎಂದು ತಮ್ಮ ಮನೆಗೆ ಹೋದರು. ಹೋಗುವಾಗ ಬಾಗಿಲು ಎಳೆದುಕೊಂಡೇ ಹೋದರು.

ಕನ್ನಡಕದವನು ಸ್ವೆಟರು ಬಿಚ್ಚಿ ಕುರ್ಚಿಯಲ್ಲಿ ಕೂತ. ಫೋನು ಹೊಡೆದುಕೊಂಡಿತು. ಹೆಂಡತಿ. ಐವತ್ತು ದಿನದಲ್ಲಿ ಅವಳಾಗಿಯೇ ಮಾಡಿದ ಮೊದಲ ಫೋನು.

"ರೀ, ಅಧ್ಯಕ್ಷರ ಹೆಂಡತಿ ಈಗ ತಾನೇ ಫೋನು ಮಾಡಿದ್ರು. ನಿಜಾನಾ?"

"ಏನೇ?"

"ಇಪ್ಪತ್ತೊಂದು ಡಿಗ್ರಿ ಅಂತೆ. ಇಡೀ ಕಟ್ಟಡಕ್ಕೇ ನಮ್ಮನೆ ತಂಪಂತೆ. ಎಂಜಿನಿಯರೇ ಬರೆದುಕೊಟ್ಟರಂತೆ."

"ನೋಡೇ, ಅದು ಏನಾಯ್ತು ಅಂದ್ರೆ..." ಅವನು ಸೀನಿದ.

"ಚಳಿಗೆ ನೆಗಡಿ ಬೇರೆ ಬಂದಿದೆ!" ಅವಳ ದನಿ ಸಣ್ಣದಾಯಿತು. "ನಾಳೆ ಬರೋಣ ಅಂತ ಪೆಟ್ಟಿಗೆ ತುಂಬಿಟ್ಟಿದ್ದೆ. ಬಿಸಿ ಇದ್ರೇನಂತೆ, ಒಬ್ಬರೇ ಬೇಯ್ತಿದ್ದಾರಲ್ಲ, ಜೊತೆಗೆ ಬೆಂದರಾಯ್ತು ಅಂತ. ನಾನಿದ್ದಾಗ ಮಾತ್ರ ಆ ಮನೆ ಕಾಯ್ತಿತ್ತು ಅನ್ನಿ."

"ಹಾಗಲ್ವೇ..."

"ಇರಲಿ ಬಿಡಿ. ತಣ್ಣಗಿರಿ."

ಫೋನು ಕಟ್ಟಾಯಿತು. ಅವನು ತಿರುಗಿ ಮಾಡಿದ. ಅವಳು ಎತ್ತಲಿಲ್ಲ. ಮೂರು ಸಲ ಮಾಡಿ ಬಿಟ್ಟ. ಹಾಸಿಗೆ ಬಚ್ಚಲಲ್ಲಿ ನೆನೆಯುತ್ತಿದ್ದದ್ದರಿಂದ ಬರೀ ಹಲಗೆಯ ಮಂಚದ ಮೇಲೆ ಹೋಗಿ ಮಲಗಿದ. ಚಾವಣಿ ಮತ್ತೆ ಕಾಯತೊಡಗಿತ್ತು. ಅರ್ಧ ಗಂಟೆಯೊಳಗೆ ಮೈಮೇಲಿನ ಒದ್ದೆ ಅಂಗಿ ತಾನಾಗಿಯೇ ಒಣಗಿತು.