ಬಾಯಿಗೊಂದು ಇನ್ಶೂರೆನ್ಸ್

ನಮ್ಮ ಕಡೆ ಮರ ಬೀಳೋದು ಮಳೆಗಾಲದಲ್ಲಿ ಮಾತ್ರ. ಮರದ ಬಗ್ಗೆ ಆಡಿದ ಮಾತು ವರ್ಷವಿಡೀ ಯಾರದಾದರೂ ತಲೆ ಮೇಲೆ ಬೀಳುತ್ತಲೇ ಇರುತ್ತದೆ. ಆ ಮಾತಾಡುವ ಕೆಲಸವೇ ನನ್ನದು. ಪಾಳ್ಯದ ಹೈದ ನಾನು. ಮೊದಲು ಕಾಫಿ ತೋಟಗಳಲ್ಲಿ ನೆರಳು ಮರದ ಕೊಂಬೆ ಸವರುತ್ತಿದ್ದೆ. ಅದಕ್ಕೆ ಮರಗಸಿ ಅಂತಾರೆ. ನಾನು ಹತ್ತುವುದನ್ನು ನೋಡಿ ಮಂಗಗಳು ಕಸುಬು ಬಿಡುವ ಯೋಚನೆಯಲ್ಲಿದ್ದವು. ಈಗ ಬುದ್ಧಿ ಬಲಿತಿದೆ. ಕೆಳಗೆ ನಿಂತು ಯಾವುದು ಉಳಿಸಬೇಕು, ಯಾವುದು ಉರುಳಿಸಬೇಕು ಅಂತ ಹೇಳುತ್ತೇನೆ. ಹತ್ತುವವರು ಬೇರೆ.

ಅವ್ವನ ಅಳತೆ

ದೋಣಿಗಲ್ ಹತ್ತಿರದ ದೊಡ್ಡ ಎಸ್ಟೇಟಿನ ಸಾಹುಕಾರರು ಇಡೀ ತೋಟದ ಮರಗಳನ್ನು ನೋಡಿ ಹೇಳುವ ಕೆಲಸ ನನಗೇ ಅಂದರು. ಒಂದೇ ಷರತ್ತು. "ನಿನ್ ಸಲಹೆ ತಪ್ಪಾಗಿ ನಂಗೆ ನಷ್ಟ ಆದ್ರೆ ತುಂಬಿಕೊಡೋಕೆ ಒಂದು ಇನ್ಶೂರೆನ್ಸ್ ಮಾಡಿಸ್ಕೊಂಡ್ ಬಾ. ಇಲ್ದಿದ್ರೆ ಬರಲೇಬೇಡ."

ಅವ್ವನಿಗೆ ಹೇಳಿದೆ. "ಜನ ಕೈಕಾಲಿಗೆ ಇನ್ಶೂರೆನ್ಸ್ ಮಾಡಿಸ್ತಾರೆ. ನೀನು ಬಾಯಿಗೆ ಮಾಡಿಸ್ತೀಯೇನ್ಲಾ?"

"ಹೂಂ ಕಣವ್ವ, ಈಗ ಬಾಯಿಂದ್ಲೇ ಅನ್ನ."

"ಒಸಿ ನೋಡ್ಕೊಂಡು ಮಾಡ್ಸು. ನಿನ್ ಬಾಯಿ ಅಳತೆಗೆ ಕಂಪನಿನೇ ಮುಳುಗೋಗ್ತದೆ."

ಯಾರ ಕಿವಿಗೆ?

ಸಕಲೇಶಪುರದ ಇನ್ಶೂರೆನ್ಸ್ ಏಜೆಂಟ್ ಘಾಟಿ ಕೆಳಗಿನ ಕರಾವಳಿಯವರು, ಹೊಸದಾಗಿ ಬಂದವರು. ಲಾರಿಗೆ, ದನಕ್ಕೆ ಪಾಲಿಸಿ ಮಾಡಿ ಗೊತ್ತು; ಮಾತಿಗೆ ಮಾಡಿದ್ದೇ ಇಲ್ಲ. ಮೇಲಿನವರಿಗೆ ಫೋನ್ ಮಾಡಿ ತಿಳಿದುಕೊಂಡು ಹೇಳಿದರು: "ನೀವು ಕಡಿಸಿದ ಮರ ಮನೆ ಮೇಲೆ ಬಿದ್ರೆ ಇದ್ರಲ್ಲಿ ಸಿಗುದಿಲ್ಲ. 'ಬೀಳುದಿಲ್ಲ' ಅಂತ ನೀವು ಹೇಳಿದ್ದು ಬಿದ್ರೆ ಸಿಗ್ತದೆ."

"ಅಂದ್ರೆ ಕತ್ತಿಗಿಲ್ಲ, ನಾಲಿಗೆಗೈತೆ."

"ಹೌದು. ಆದ್ರೆ ದನಕ್ಕಾದ್ರೆ ಕಿವಿಗೆ ಬಿಲ್ಲೆ ಹಾಕ್ತೇವೆ ಮಾರಾಯ್ರೆ. ಸಲಹೆಗೆ ಎಲ್ಲಿ ಹಾಕುದು?"

"ಕೇಳಿಸ್ಕೊಂಡೋರ ಕಿವಿಗೇ ಹಾಕಿ ಅಣ್ಣ!"

ಟೀ ಅಂಗಡಿ

ಪಾಲಿಸಿ ಕೈಗೆ ಬರುವವರೆಗೆ ಬಾಯಿ ಬಿಗಿ ಅಂತ ಏಜೆಂಟರ ಆಜ್ಞೆ. ಅವತ್ತೇ ಟೀ ಅಂಗಡಿಯಲ್ಲಿ ಲಾರಿ ಸಾಬರು ಕೇಳಿದರು: "ನಮ್ಮನೆ ಹಿಂದಿನ ಹಲಸು ಬೀಳ್ತದೇನೋ?"

"ಬೀಳಬಹುದು. ಬೀಳದೇನೂ ಇರಬಹುದು. ಗಾಳಿ ಮೇಲೆ ಐತೆ."

ಸಾಬರು ಲೋಟ ಕೆಳಗಿಟ್ಟರು. "ಯಾವಾಗ್ ಮಾರಾಯ, ಹವಾಮಾನ ಇಲಾಖೆ ಸೇರ್ಕೊಂಬುಟ್ಟೆ?"

ಬುಡಣ್ಣ

ನನ್ನ ಅರ್ಜಿ ತುಂಬೋದು ಇನ್ನೇನು ಮುಗಿಯಬೇಕು, ಏಜೆಂಟರದೇ ಫೋನ್. ಅವರ ಬಾಡಿಗೆ ಮನೆ ಹಿಂದೆ ಓನರ್ ಬೆಳೆಸಿದ ಸಿಲ್ವರ್ ಓಕ್, ಮೈತುಂಬ ಮೆಣಸಿನ ಬಳ್ಳಿ. ಎಲೆ ಉದುರಿ ಹೆಂಚೆಲ್ಲ ಕಸ. "ಗೊತ್ತಿರೋರನ್ನ ಕೇಳಿ ಏನಾದ್ರೂ ಮಾಡ್ಸಿ" ಅಂದಿದ್ದರಂತೆ ಓನರ್.

"ಆಳು ಬಂದಿದ್ದಾನೆ. ಕೊಂಬೆ ಕಡಿಸುದಾ, ಬುಡ ಕಡಿಸುದಾ?"

ಮೆಣಸು ಜೋತಾಡುವ ಮರವನ್ನು ಯಾರಾದರೂ ಮುಟ್ಟುತ್ತಾರಾ? ಸುಮ್ಮನೆ ಬಿಟ್ಟುಬಿಡಿ ಅನ್ನೋದನ್ನ ನಮ್ಮ ಭಾಷೆಯಲ್ಲಿ ಠೀವಿಯಿಂದ ಹೇಳಿದೆ: "ಬುಡಣ್ಣ!"

"ಖಂಡಿತವಾ?"

"ಬುಡಣ್ಣ ಅಂದ್ನಲ್ಲ!"

ಸಂಜೆ ಹೋಗಿ ನೋಡಿದರೆ ಮರ ಬುಡಸಮೇತ ಮಲಗಿದೆ, ಬಳ್ಳಿ ಅದರಡಿ ಚಟ್ನಿ. ಓನರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಏಜೆಂಟ್ ನನ್ನ ಕಡೆ ಬೆರಳು ತೋರಿಸಿದರು: "ಇವ್ರೇ ಎರಡು ಸಲ ಬುಡ ಅಂದದ್ದು!"

ಓನರ್ ಹಣೆ ಬಡಿದುಕೊಂಡರು. "ಅಯ್ಯೋ ಸ್ವಾಮಿ, ಅವ್ನು ಬುಡು ಅಂದವ್ನೆ, ನೀವು ಬುಡಕ್ಕೇ ಇಕ್ಕಿಸ್ಬುಟ್ರಲ್ಲ!"

ಅರ್ಜಿಯಲ್ಲಿ ಒಂದು ಪ್ರಶ್ನೆ ಬಾಕಿ ಇತ್ತು: ಈ ಹಿಂದೆ ನಿಮ್ಮ ಸಲಹೆಯಿಂದ ಯಾರಿಗಾದರೂ ನಷ್ಟ ಆಗಿದೆಯೇ? ಹೌದು ಅಂದರೆ ಪಾಲಿಸಿ ಹೋಯಿತು, ದೋಣಿಗಲ್ಲೂ ಹೋಯಿತು. ಏಜೆಂಟ್ ಅರ್ಜಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಹೌದು ಅಂತ ಬರೆದರೆ ತಪ್ಪು ಕೇಳಿಸಿಕೊಂಡ ಕಿವಿ ಯಾರದು, ಬಿಲ್ಲೆ ಯಾರಿಗೆ ಅಂತಲೂ ಬರೆಯಬೇಕಲ್ಲ! "ಇಲ್ಲ" ಅಂತ ಬರೆದು ನನಗೆ ಕೈಮುಗಿದರು. "ಇನ್ನು ಮುಂದೆ ಪುಸ್ತಕದ ಕನ್ನಡದಲ್ಲೇ ಸಲಹೆ ಕೊಡಿ ಮಾರಾಯ್ರೆ. ನಿಮ್ಮ ಭಾಷೆ ಬೇಡವೇ ಬೇಡ."

ಪಾಲಿಸಿ ಬಂತು, ಕೆಲಸವೂ ಸಿಕ್ಕಿತು. ಮೊದಲ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಆಳುಗಳೆಲ್ಲ ಸುತ್ತ ನಿಂತಿದ್ದಾರೆ. ದೊಡ್ಡದೊಂದು ಮರದ ಮೇಲೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಸದರಿ ವೃಕ್ಷವನ್ನು ಯಾವುದೇ ಕಾರಣಕ್ಕೂ ಛೇದಿಸದೆ ಯಥಾಸ್ಥಿತಿಯಲ್ಲಿ ಬಿಡತಕ್ಕದ್ದು!"

ರೈಟರ್ ಮೆಲ್ಲಗೆ ಟೋಪಿ ತೆಗೆದು ಎದೆಗಿಟ್ಟುಕೊಂಡು ಕೇಳಿದರು:

"ಮರ ಯಾವಾಗ್ ಸತ್ತೋಯ್ತು ಮಾರಾಯ? ತಿಥಿ ಮಂತ್ರ ಹೇಳ್ಬುಟ್ಟೆ!"